ಅಂಗಾಲಿನ ಮೆಲನೋಮ: ಮರುಕಳಿಕೆಯನ್ನು ಅಳೆಯುತ್ತ ಬಂದ ಬಗೆ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿದವರ ಪಾದದಲ್ಲಿ ಆಣಿ, ಮುಳ್ಳು ಚುಚ್ಚಿದ ಗುರುತು, ಜಿಗಣೆ ಕಚ್ಚಿದ ಕಲೆ ಇದ್ದದ್ದೇ. ಅವುಗಳ ನಡುವೆ ಕಪ್ಪು ಮಚ್ಚೆಯೊಂದು ಹಿಗ್ಗತೊಡಗಿದರೆ ಅನುಮಾನ ಬರುವುದು ತಡವಾಗಿ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಭಾರತದಲ್ಲಿ ವಿರಳ; ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದು ನಮ್ಮಲ್ಲಿ ಬಿಳಿಯರಿಗಿಂತ ಬಹಳ ಹೆಚ್ಚು. ಈ ಬಗೆಯನ್ನು ಪ್ರತ್ಯೇಕವಾಗಿ ಗುರುತಿಸಿದವರು ಅಮೆರಿಕದ ರಿಚರ್ಡ್ ರೀಡ್, 1976ರಲ್ಲಿ.

ಚಿಕಿತ್ಸೆಯ ಬಳಿಕ ರೋಗ ಯಾರಲ್ಲಿ ಮರುಕಳಿಸುತ್ತದೆ? ಗಡ್ಡೆ ಚರ್ಮದ ಎಷ್ಟನೆಯ ಪದರಕ್ಕೆ ಇಳಿದಿದೆ ಎಂದು 1969ರಲ್ಲಿ ವ್ಯಾಲೇಸ್ ಕ್ಲಾರ್ಕ್ ನೋಡಿದರು. ಮರುವರ್ಷ ಅಲೆಕ್ಸಾಂಡರ್ ಬ್ರೆಸ್ಲೋ ಪದರದ ಲೆಕ್ಕ ಬಿಟ್ಟು ಆಳವನ್ನೇ ಮಿಲಿಮೀಟರಿನಲ್ಲಿ ಅಳೆದರು. ಇಷ್ಟು ಸರಳವಾಗಿ ಇಷ್ಟು ಕಾಲ ಬಾಳಿದ ಅಳತೆ ಈ ರೋಗದಲ್ಲಿ ಇನ್ನೊಂದಿಲ್ಲ. 1 ಮಿ.ಮೀ. ಒಳಗಿದ್ದಾಗ ಕತ್ತರಿಸಿ ತೆಗೆದರೆ ಹೆಚ್ಚಿನವರಲ್ಲಿ ಅದು ಮತ್ತೆ ಬರುವುದಿಲ್ಲ, 4 ಮಿ.ಮೀ. ದಾಟಿದರೆ ಅಪಾಯ ಬಹಳ ಏರುತ್ತದೆ. ಗಡ್ಡೆಯ ಮೇಲ್ಮೈ ಹುಣ್ಣಾಗಿದ್ದರೆ ಅಷ್ಟೇ ದಪ್ಪಕ್ಕೂ ಅಪಾಯ ಹೆಚ್ಚು. ಅಂಗಾಲಿನ ಹುಣ್ಣನ್ನು ಮಾತ್ರ ನಡೆದು ನಡೆದು ಆದದ್ದೆಂದು ಬಿಟ್ಟುಬಿಡುತ್ತೇವೆ.

1992ರಲ್ಲಿ ಡೊನಾಲ್ಡ್ ಮಾರ್ಟನ್ ಗಡ್ಡೆಯ ಸುತ್ತ ಬಣ್ಣ ಚುಚ್ಚಿ, ಅದು ಮೊದಲು ತಲಪುವ ದುಗ್ಧಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಅಂಗಾಲಿಗೆ ಆ ಗ್ರಂಥಿ ಸಾಮಾನ್ಯವಾಗಿ ತೊಡೆಸಂದಿನಲ್ಲಿರುತ್ತದೆ. ಅದರಲ್ಲಿ ಕ್ಯಾನ್ಸರ್ ಕಣ ಕಂಡರೆ ಮರುಕಳಿಕೆಯ ಭಯ ಹೆಚ್ಚು. ಹಾಗೆಂದು ಉಳಿದ ಗ್ರಂಥಿಗಳನ್ನೆಲ್ಲ ಕೂಡಲೇ ತೆಗೆದರೆ ಆಯುಷ್ಯವೇನೂ ಹೆಚ್ಚುವುದಿಲ್ಲ ಎಂದು 2017ರಲ್ಲಿ ದೊಡ್ಡದೊಂದು ಪ್ರಯೋಗ ತೋರಿಸಿತು. ಗ್ರಂಥಿಗಳನ್ನು ತೆಗೆದ ಮೇಲೆ ಕಾಲು ಬಾತು ತೋಟಕ್ಕಿಳಿಯಲಾಗದೆ ಉಳಿಯುವ ಕಷ್ಟ ಎಷ್ಟೋ ಜನರಿಗೆ ತಪ್ಪುವಂತಾದ್ದರಿಂದ, ಇದು ನನಗೆ ಹೊಸ ಔಷಧಿಗಳಷ್ಟೇ ದೊಡ್ಡ ಸುದ್ದಿ.

ಹುಡುಕಾಟ ಜೀನುಗಳತ್ತಲೂ ಹೊರಳಿತು. 2002ರಲ್ಲಿ ಮೆಲನೋಮದಲ್ಲಿ ಬಿಆರ್‌ಎಎಫ್ ಜೀನಿನ ಬದಲಾವಣೆ ಪತ್ತೆಯಾಯಿತು; ಅಂಗಾಲಿನ ಮೆಲನೋಮದಲ್ಲಿ ಅದು ಕಡಿಮೆ. ಅಲ್ಲಿ ಕೆಲವರಲ್ಲಿ ಕಿಟ್ ಜೀನ್ ಬದಲಾಗಿರುತ್ತದೆಂದು 2006ರಲ್ಲಿ ತಿಳಿಯಿತು. ಶಸ್ತ್ರಚಿಕಿತ್ಸೆಯ ನಂತರ ಮರುಕಳಿಕೆ ತಡೆಯಲು ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಹೊಸ ಇಮ್ಯುನೋಥೆರಪಿ ಔಷಧಿ 2015ರಿಂದ ಬಳಕೆಗೆ ಬಂತು. ಆದರೆ ಅದರ ಪ್ರಯೋಗಗಳಿಗೆ ಸೇರಿದವರಲ್ಲಿ ಬಹುಪಾಲು ಬಿಳಿಯರು. ಅಂಗಾಲಿನ ಬಗೆ ಈ ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿನ ಫಲವನ್ನು ಇಲ್ಲಿಗೆ ಹಾಗೆಯೇ ಹೊಂದಿಸುವುದು ತಪ್ಪು.

ಅಂಗಾಲಿನದು ಹೆಚ್ಚು ಮರುಕಳಿಸುವುದಕ್ಕೆ ಜೀವಕೋಶದ ಸ್ವಭಾವವೂ ಕಾರಣ. ಆದರೆ ದೊಡ್ಡ ಪಾಲು ತಡದ್ದು: ಪತ್ತೆಯಾಗುವ ಹೊತ್ತಿಗೆ ಗಡ್ಡೆ ದಪ್ಪವಾಗಿರುತ್ತದೆ. ಮರುಕಳಿಕೆ ಹೆಚ್ಚಾಗಿ ಮೊದಲ ಮೂರು ವರ್ಷಗಳೊಳಗೆ. ತೆಳುವಾಗಿದ್ದದ್ದು ವರ್ಷಗಳ ಮೇಲೆ ಬರುವುದೂ ಉಂಟು. ಗಾಯದ ಅಂಚು, ಅಲ್ಲಿಂದ ತೊಡೆಸಂದಿನವರೆಗಿನ ಚರ್ಮ, ಮಂಡಿಯ ಹಿಂಭಾಗ, ಇಷ್ಟನ್ನು ಮನೆಯಲ್ಲೇ ಮುಟ್ಟಿ ನೋಡಿಕೊಳ್ಳಬಹುದು. ಸುಳ್ಯದಲ್ಲಿ ತೋರಿಸಿ ಮುಂದೆ ಮಂಗಳೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವವರು ಬಯಾಪ್ಸಿ ವರದಿಯನ್ನು ಜತೆಗೆ ಒಯ್ಯಬೇಕು. ಅದರಲ್ಲಿ ದಪ್ಪ ಎಷ್ಟು ಮಿ.ಮೀ., ಹುಣ್ಣಿತ್ತೇ, ಕತ್ತರಿಸಿದ ಅಂಚು ಶುದ್ಧವಿತ್ತೇ ಎಂಬುದು ಇರಲೇಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು.