ಸಿತ್ತನ್ನವಾಸಲಿನ ತಾವರೆಗೊಳ: ಒಂದು ವಿವೇಚನೆ

ಪುದುಕ್ಕೋಟೆಯ ಸಮೀಪದ ಸಿತ್ತನ್ನವಾಸಲ್ ಗುಹಾಬಸದಿಯ ಅರ್ಧಮಂಟಪದ ಮೇಲ್ಛಾವಣಿಯಲ್ಲಿ ತಾವರೆಗೊಳವೊಂದು ಚಿತ್ರಿತವಾಗಿದೆ. ಮೀನು, ಹಂಸ, ಎಮ್ಮೆ, ಆನೆಗಳ ನಡುವೆ ಮೂವರು ಪುರುಷರು ಹೂ ಕೊಯ್ಯುತ್ತಿದ್ದಾರೆ. ಇದು ಸಮವಸರಣದ ಎರಡನೆಯದಾದ ಖಾತಿಕಾಭೂಮಿಯೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಮತ.

ಆದರೆ ಶಾಸ್ತ್ರೋಕ್ತ ಖಾತಿಕೆಯು ಧರ್ಮಸಭೆಯನ್ನು ಬಳಸಿದ ಜಲವಲಯ. ಇಲ್ಲಿರುವುದಾದರೋ ಎಮ್ಮೆಗಳಿಳಿದ ಊರಕೆರೆಯಂತಹ ಕೊಳ. ಹಾಗಾದರೆ ಇದು ಕೇವಲ ನಿಸರ್ಗಚಿತ್ರವೇ?

ಎರಡು ಸಂಗತಿಗಳು ಇದಕ್ಕೆ ವಿರುದ್ಧವಾಗಿವೆ. ಪಾಂಡ್ಯ ಶ್ರೀವಲ್ಲಭನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಈ ಮಂಟಪವನ್ನು ಜೀರ್ಣೋದ್ಧಾರಗೊಳಿಸಿದವನು ಮದುರೆಯ ಆಚಾರ್ಯ ಇಳಂಗೌತಮನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಆಗಮವನ್ನರಿತವನ ಕಾರ್ಯದಲ್ಲಿ ವಿಷಯದ ಆಯ್ಕೆ ಆಕಸ್ಮಿಕವಾಗಿರಲಾರದು. ಅಲ್ಲದೆ ಗರ್ಭಗೃಹದ ಜಿನಬಿಂಬಗಳ ದರ್ಶನಕ್ಕೆ ತೆರಳುವ ಶ್ರಾವಕನು ಈ ಜಲದ ಅಡಿಯಲ್ಲಿಯೇ ಹಾದುಹೋಗಬೇಕು. ಚಿತ್ರದ ಆಕಾರಕ್ಕಿಂತ ಅದರ ಸ್ಥಾನವೇ ಖಾತಿಕೆಯ ಅರ್ಥವನ್ನು ಸಮರ್ಥಿಸುವಂತಿದೆ.