ಕೂಲಿಯ ಲೆಕ್ಕ ಮತ್ತು ಹೊಸ ಡೈ: ಸಿಯಾಲ್‌ಕೋಟ್ ಪ್ರಯೋಗದ ಮರುಪರಿಶೀಲನೆ

ಸಣ್ಣ ಕಾರ್ಖಾನೆಗಳು ಹೊಸ ತಂತ್ರಜ್ಞಾನಕ್ಕೆ ಏಕೆ ಹಿಂಜರಿಯುತ್ತವೆ ಎಂಬ ಪ್ರಶ್ನೆಗೆ ಬಂಡವಾಳ, ಕೌಶಲ, ಮಾಹಿತಿ ಇವುಗಳ ಕೊರತೆಯನ್ನೇ ಉತ್ತರವಾಗಿ ಕೊಡುವುದು ರೂಢಿ. ಮುಂಬೈ ಸಮೀಪದ ಜವಳಿ ಗಿರಣಿಗಳನ್ನು ಕುರಿತ ನಿಕೊಲಾಸ್ ಬ್ಲೂಮ್ ಮತ್ತು ಸಂಗಡಿಗರ 2013ರ ಅಧ್ಯಯನ (ಆ ಗಿರಣಿಗಳೇನೂ ತೀರ ಸಣ್ಣವಲ್ಲ) ಮಾಹಿತಿಯ ಕೊರತೆಗೆ ಒತ್ತು ಕೊಟ್ಟಿತು. ಡೇವಿಡ್ ಅಟ್ಕಿನ್, ಎರಿಕ್ ವೆರ್ಹೂಗನ್ ಮತ್ತಿತರರು ಪಾಕಿಸ್ತಾನದ ಸಿಯಾಲ್‌ಕೋಟ್‌ನ ಫುಟ್‌ಬಾಲ್ ತಯಾರಕರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೊಂದು ಕಾರಣವನ್ನು ಮುಂದಿಟ್ಟಿತು. ಅದರ ಸಾರವನ್ನು ಕೆಲಸಗಾರರು ಮಾಲೀಕರನ್ನು ದಾರಿ ತಪ್ಪಿಸಿದರು ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಸತ್ಯವಷ್ಟೇ ಉಳಿಯುತ್ತದೆ.

ಸಾಮಾನ್ಯ ಫುಟ್‌ಬಾಲ್‌ಗೆ 20 ಷಡ್ಭುಜ ಮತ್ತು 12 ಪಂಚಭುಜದ ತುಂಡುಗಳು ಬೇಕು. ಷಡ್ಭುಜಗಳು ಸಂದಿಲ್ಲದೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಪಂಚಭುಜಗಳು ಹಾಗಲ್ಲ, ಆದ್ದರಿಂದ ರೆಕ್ಸಿನ್ (ಕೃತಕ ಚರ್ಮ) ಹೆಚ್ಚು ಪೋಲಾಗುವುದು ಅವನ್ನು ಕತ್ತರಿಸುವಾಗಲೇ. ಈ ಪೋಲನ್ನು ತಗ್ಗಿಸುವ ಡೈಯನ್ನು, ಅಂದರೆ ತುಂಡು ಕತ್ತರಿಸುವ ಅಚ್ಚನ್ನು, ಸಂಶೋಧಕರು ತಾವೇ ರೂಪಿಸಿ, ಚೀಟಿ ಎತ್ತಿದಂತೆ ಆರಿಸಿದ ಕೆಲವು ಕಾರ್ಖಾನೆಗಳಿಗೆ ಉಚಿತವಾಗಿ ಕೊಟ್ಟು, ಬಳಸಿಯೂ ತೋರಿಸಿದರು. 15 ತಿಂಗಳಾದರೂ ಬಹುಪಾಲು ಕಾರ್ಖಾನೆಗಳು ಅದನ್ನು ಬಳಸಲಿಲ್ಲ. ಕತ್ತರಿಸುವವರಿಗೂ ತುಂಡುಗಳ ಮೇಲೆ ಮುದ್ರಿಸುವವರಿಗೂ ಪೀಸಿನ ಲೆಕ್ಕದಲ್ಲಿ ಕೂಲಿ. ಹೊಸ ಡೈ ಆರಂಭದಲ್ಲಿ ಕೈಯ ವೇಗ ಕುಗ್ಗಿಸುತ್ತದೆ. ಉಳಿದ ರೆಕ್ಸಿನ್‌ನ ಲಾಭವೆಲ್ಲ ಮಾಲೀಕನಿಗೆ. ಹಾಗಾಗಿ ಹೊಸ ಡೈಯ ಪ್ರಯೋಜನದ ಬಗ್ಗೆ ಕೆಲಸಗಾರರು ಮಾಲೀಕರಿಗೆ ತಪ್ಪು ಮಾಹಿತಿ ಕೊಟ್ಟರು ಎಂಬುದು ಸಂಶೋಧಕರ ವಿವರಣೆ. ಬಳಿಕ ಮಾಲೀಕನ ಎದುರಿನಲ್ಲಿ ಹೊಸ ಡೈ ಬಳಸಿ ತೋರಿಸಿದ ಕೆಲಸಗಾರನಿಗೆ ಸುಮಾರು ಒಂದು ತಿಂಗಳ ದುಡಿಮೆಯಷ್ಟು ಹಣವನ್ನು ಬಹುಮಾನವಾಗಿ ಕೊಡುವುದಾಗಿ ಸಂಶೋಧಕರು ಹೇಳಿದಾಗ ಅಳವಡಿಕೆ ಗಣನೀಯವಾಗಿ ಏರಿತು.

ಇದರಿಂದ ಕೂಲಿಯೂ ಮಾಹಿತಿಯೂ ಪರಸ್ಪರ ಸ್ಪರ್ಧಿಸುವ ಎರಡು ಕಾರಣಗಳೆಂದು ತಿಳಿಯಬೇಕಾಗಿಲ್ಲ. ಪೀಸ್ ಎಣಿಸಿ ಹಣ ಕೊಡುವ ಕಾರ್ಖಾನೆಯಲ್ಲಿ ಕತ್ತರಿಸುವವನ ಲೆಕ್ಕಕ್ಕೆ ಪೋಲು ಬರುವುದೇ ಇಲ್ಲ; ಮಾಲೀಕನ ಅಜ್ಞಾನವನ್ನು, ಕನಿಷ್ಠ ಒಂದು ಮಟ್ಟಿಗೆ, ಆತನೇ ಗೊತ್ತುಪಡಿಸಿದ ಕೂಲಿಯ ಕ್ರಮ ಪೋಷಿಸುತ್ತದೆ ಎಂಬುದು ನನ್ನ ವಾದ. ಹೊಸ ಡೈಯನ್ನು ಬೇಗನೆ ಒಪ್ಪಿಕೊಂಡ ದೊಡ್ಡ ಕಾರ್ಖಾನೆಯೊಂದು ತಿಂಗಳ ಸಂಬಳ ಕೊಡುತ್ತಿತ್ತು ಎಂಬುದು ಇದಕ್ಕೆ ಪೂರಕ, ಆದರೆ ಒಂದೇ ನಿದರ್ಶನದ ಮೇಲೆ ಹೆಚ್ಚು ಭಾರ ಹೊರಿಸಲಾಗದು. ಹಾಗಾದರೆ ಮಾಲೀಕನೇ ಏಕೆ ಕೂಲಿ ಏರಿಸಲಿಲ್ಲ ಎಂಬ ಆಕ್ಷೇಪ ಸಹಜ. ಉಳಿತಾಯ ಒಟ್ಟು ವೆಚ್ಚದ ಸುಮಾರು ಶೇ. 1 ಮಾತ್ರ; ಲಾಭ ಖಚಿತವಾಗುವ ಮೊದಲೇ ಅಷ್ಟಕ್ಕಾಗಿ ಎಲ್ಲರೂ ಒಪ್ಪಿಕೊಂಡು ಬಂದ ದರವನ್ನು ಕೆದಕುವುದು ಆತನಿಗೆ ದುಬಾರಿ ಎನಿಸಿದ್ದರೆ ಅದು ಅವಿವೇಕವಲ್ಲ.

ಇನ್ನೊಂದು ಆಕ್ಷೇಪವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆ ಬಹುಮಾನದಲ್ಲಿ ಕೆಲಸಗಾರನಿಗೆ ದೊರೆತ ಹಣವೂ ಮಾಲೀಕ ಕಣ್ಣಾರೆ ಕಂಡ ಪುರಾವೆಯೂ ಒಟ್ಟಿಗೆ ಬೆರೆತಿವೆ. ಮೊದಲು ಹೊರಗಿನವರು ತೋರಿಸಿದ್ದು ಸಾಕಾಗದೆ, ತನ್ನದೇ ಕೆಲಸಗಾರನ ಕೈ ನೋಡಿದ ಮೇಲೆ ಮಾಲೀಕ ನಂಬಿರಬಹುದು. ಕೂಲಿಯ ಪಾಲನ್ನು ಇದರಿಂದ ಬೇರ್ಪಡಿಸಲು, ಹಣವಿಲ್ಲದೆ ಕೆಲಸಗಾರನೇ ಮಾಲೀಕನಿಗೆ ಬಳಸಿ ತೋರಿಸುವ ಇನ್ನೊಂದು ಗುಂಪನ್ನು ಮುಂದಿನ ಪ್ರಯೋಗಗಳು ಇಟ್ಟುಕೊಳ್ಳಬೇಕು.