ಮಾಂಸದ ವ್ಯಾಪಾರಿಗಳೂ ಪ್ಯಾರಿಸ್ಸಿನ ಧರ್ಮದರ್ಶಿಗಳೂ

ಸ್ವತ್ತು ಒಬ್ಬನ ಹೆಸರಿನಲ್ಲಿ, ಅದರ ಫಲ ಇನ್ನೊಬ್ಬನ ಮನೆಯಲ್ಲಿ. ಟ್ರಸ್ಟಿನ ತಿರುಳು ಇಷ್ಟೆ. ಇಂಗ್ಲೆಂಡಿನಲ್ಲಿ ಅದು ಬೆಳೆದದ್ದಕ್ಕೆ ಅರಸನ ಪಾಲನ್ನು ತಪ್ಪಿಸುವ ಆಸೆಯೂ ಒಂದು ಕಾರಣ. ಜಮೀನ್ದಾರ ಸತ್ತರೆ ವಾರಸುದಾರ ಅರಸನಿಗೆ ಹಣ ತೆರಬೇಕು. ಆದರೆ ಜಮೀನು ನಾಲ್ವರು ಗೆಳೆಯರ ಹೆಸರಿನಲ್ಲಿದ್ದರೆ, ಕಾನೂನಿನ ಕಣ್ಣಿಗೆ ಸತ್ತವನಾದರೂ ಯಾರು? ಎಂಟನೆಯ ಹೆನ್ರಿ 1535ರಲ್ಲಿ ಕಾಯಿದೆ ಮಾಡಿ ಈ ದಾರಿಗೆ ಬೇಲಿ ಹಾಕಿದ. ಮರುವರ್ಷ ಉತ್ತರ ಸೀಮೆಯಲ್ಲಿ ದಂಗೆಯೆದ್ದವರು ಆ ಕಾಯಿದೆಯ ರದ್ದತಿಯನ್ನೂ ಬೇಡಿದರು. 1540ರಲ್ಲಿ ಅರಸ ಕೊಂಚ ಮಣಿದ. ಉಳಿದದ್ದನ್ನು ವಕೀಲರು ನೋಡಿಕೊಂಡರು. ಅರಸ ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದರು!

ಈ ಹಳೆಯ ಆಟವನ್ನು ಸಮುದ್ರದಾಚೆಗೆ ಒಯ್ದವರಲ್ಲಿ ಲಿವರ್‌ಪೂಲಿನ ವಿಲಿಯಂ ಮತ್ತು ಎಡ್ಮಂಡ್ ವೆಸ್ಟಿ ಸೋದರರು ಪ್ರಸಿದ್ಧರು. ದಕ್ಷಿಣ ಅಮೆರಿಕದಲ್ಲಿ ದನದ ಹುಲ್ಲುಗಾವಲು, ಸಮುದ್ರದ ಮೇಲೆ ಶೀತಲ ಕೋಣೆಗಳ ಹಡಗು, ಇಂಗ್ಲೆಂಡಿನ ಬೀದಿಬೀದಿಗಳಲ್ಲಿ ಮಾಂಸದಂಗಡಿ, ಎಲ್ಲವೂ ಅವರವೇ. ಮೊದಲನೆಯ ಮಹಾಯುದ್ಧದ ಖರ್ಚಿಗಾಗಿ ವರಮಾನ ತೆರಿಗೆ ಏರುತ್ತ ಹೋಯಿತು. 1918ರ ಹೊತ್ತಿಗೆ ಪೌಂಡಿಗೆ 6 ಷಿಲಿಂಗ್. ಪರದೇಶದ ಹೂಡಿಕೆಗಳ ಆದಾಯ ಮನೆಗೆ ಬಾರದಿದ್ದರೂ ತೆರಿಗೆ ತಪ್ಪದೆಂದು 1914ರಲ್ಲೇ ವಿಧಿಸಿದ್ದರು. ಊರ ಹುಡುಗರು ಕಂದಕಗಳಲ್ಲಿ ಸಾಯುತ್ತಿದ್ದಾಗ, 1915ರಲ್ಲಿ, ಸೋದರರು ಗಂಟುಮೂಟೆ ಕಟ್ಟಿ ಬ್ಯೂನಸ್ ಐರಿಸ್ ಸೇರಿದರು.

ವಿಲಿಯಮ್ಮನ ವಾದ ಮಾತ್ರ ಪೊಳ್ಳಲ್ಲ. ಷಿಕಾಗೋದ ಪ್ರತಿಸ್ಪರ್ಧಿಗಳಿಗೆ ಇಷ್ಟು ಭಾರವಿಲ್ಲವೆಂಬುದು ಅವನ ದೂರು. ಒಂದೆಡೆ ಕೊಂದ ಪಶುವಿನ ಮಾಂಸ, ಚರ್ಮ, ಕೊಬ್ಬು ಹತ್ತಾರು ದೇಶಗಳಲ್ಲಿ ಮಾರಾಟವಾಗುವಾಗ ಲಾಭ ಹುಟ್ಟಿದ್ದು ಎಲ್ಲೆಂದು ಹೇಳುವುದು ಹೇಗೆ, ಎಂದು ಅವನು ತೆರಿಗೆಯ ರಾಜಾಯೋಗದ ಮುಂದೆ ಕೇಳಿದ. ನೂರು ವರ್ಷ ಕಳೆದರೂ ತೆರಿಗೆಯವರನ್ನು ಕಾಡುವ ಪ್ರಶ್ನೆಯಿದು.

ಆಯೋಗ ಅವನಿಗೆ ಒಲಿಯಲಿಲ್ಲ, ಪ್ಯಾರಿಸ್ ಒಲಿಯಿತು. 1921ರಲ್ಲಿ ವಿದೇಶದ ಆಸ್ತಿಯನ್ನೆಲ್ಲ ತಮ್ಮ ಕಂಪೆನಿಗೇ ಗುತ್ತಿಗೆಗೆ ಕೊಟ್ಟು, ಅದರ ಬಾಡಿಗೆ ಪ್ಯಾರಿಸ್ಸಿನ ಧರ್ಮದರ್ಶಿಗಳ ಕೈಸೇರುವಂತೆ ಸೋದರರು ಪತ್ರ ಬರೆಸಿದರು. ಹಣ ಕುಟುಂಬದವರಿಗಾಗಿ, ಅದನ್ನು ಎಲ್ಲಿ ತೊಡಗಿಸಬೇಕೆಂದು ಹೇಳುವ ಅಧಿಕಾರ ಸೋದರರದು. ಕಾಗದದ ಮೇಲೆ ಮಾತ್ರ ಅದು ಅವರದಲ್ಲ! ತಾವು ಇಂಗ್ಲೆಂಡಿನಲ್ಲಿ ನೆಮ್ಮದಿಯಾಗಿ ನೆಲೆಸಿದರು. 1922ರಲ್ಲಿ ವಿಲಿಯಂ ಲಾರ್ಡನಾದ. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ಪದವಿ ಉಳಿಯಿತು.

ಇಂಥ ವ್ಯವಸ್ಥೆಗಳನ್ನು ಹಿಡಿಯಲು ಸರಕಾರ 1936ರಲ್ಲಿ ಹೊಸ ವಿಧಿಯನ್ನು ತಂದಿತು: ಆಸ್ತಿಯನ್ನು ಹೊರದೇಶಕ್ಕೆ ಸಾಗಿಸಿದರೂ ಅದರ ಆದಾಯವನ್ನು ಅನುಭವಿಸುವ ಶಕ್ತಿಯುಳ್ಳವನು ತೆರಿಗೆ ತೆರಬೇಕು. ನಮ್ಮ 1961ರ ಆದಾಯ ತೆರಿಗೆ ಕಾಯಿದೆಯ 93ನೆಯ ವಿಧಿಯೂ ಇದೇ ಜಾಡಿನದು. ಆದರೆ ವೆಸ್ಟಿಗಳ ಮಟ್ಟಿಗೆ ಹೊಸ ಬಲೆಯ ಕಣ್ಣುಗಳು ದೊಡ್ಡದಾಗಿದ್ದವು. 1949ರಲ್ಲಿ ಲಾರ್ಡರ ಸಭೆಯ ತೀರ್ಪು ಅವರ ಕಡೆಗಾಯಿತು. 1979ರಲ್ಲಿ ಮೊಕದ್ದಮೆ ಮತ್ತೆ ಅಲ್ಲಿಗೇ ಬಂದಿತು. ಕುಟುಂಬದ ಯಾರ ಮೇಲೆ ಎಷ್ಟು ತೆರಿಗೆ ಹಾಕುವುದೆಂಬುದು ತಮ್ಮ ಇಚ್ಛೆಗೆ ಬಿಟ್ಟದ್ದೆಂದು ಅಧಿಕಾರಿಗಳು ವಾದಿಸಿದರು. ಅದು ನ್ಯಾಯಾಧೀಶರಿಗೆ ಸಹ್ಯವಾಗಲಿಲ್ಲ: ಆಸ್ತಿ ಸಾಗಿಸಿದವನಿಗೇ ಆ ವಿಧಿ, ಮಕ್ಕಳು ಮೊಮ್ಮಕ್ಕಳಿಗಲ್ಲ ಎಂದರು. ಕಾಯಿದೆಯ ದೃಷ್ಟಿಯಿಂದ ಸರಿಯಾದ ಮಾತೇ.

ಮರುವರ್ಷ ಲಂಡನ್ನಿನ ಪತ್ರಿಕೆಯೊಂದು ಲೆಕ್ಕವನ್ನು ಬಯಲಿಗಿಟ್ಟಿತು. ಈ ಮನೆತನದ ಡ್ಯೂಹರ್ಸ್ಟ್ ಮಾಂಸದಂಗಡಿಗಳಿಗೆ 1978ರಲ್ಲಿ 23 ಲಕ್ಷ ಪೌಂಡಿಗೂ ಮಿಕ್ಕಿ ಲಾಭ. ಕಟ್ಟಿದ ತೆರಿಗೆ 10 ಪೌಂಡು. ಅಂಗಡಿಯಲ್ಲಿ ಮಾಂಸ ಕಡಿಯುವ ಆಳು ತನ್ನ ಸಂಬಳದಿಂದ ಅದಕ್ಕಿಂತ ಹೆಚ್ಚು ಕೊಟ್ಟಿರಬೇಕು. ಮಕ್ಕಳು ಮೊಮ್ಮಕ್ಕಳನ್ನೂ ಸೇರಿಸಿಕೊಳ್ಳುವಂತೆ ಪಾರ್ಲಿಮೆಂಟು ವಿಧಿಯನ್ನು ತಿದ್ದಿದ್ದು 1981ರಲ್ಲಿ, ಪ್ಯಾರಿಸ್ಸಿನ ಪತ್ರಕ್ಕೆ ಸಹಿ ಬಿದ್ದ ಅರವತ್ತು ವರ್ಷಗಳ ಮೇಲೆ.